ಹೊಸ ಅಡುಗೆಯನ್ನು ಎಲ್ಲಿ ಹುಡುಕಬೇಕು?



ಯಲಹಂಕದ ಕಡೆಯ ಒಂದು ಹಳ್ಳಿಯಲ್ಲಿ ರಾಗಿ ಬೆಳೆಯ ವಿಚಾರ ಮಾತನಾಡುತ್ತಿದ್ದಾಗ ಆ ಮನೆಯ ತಾಯಿ ಹೇಳಿದರು: “ರಾಗಿ ಚೆನ್ನಾಗಿ ಬಂದಿದೆ ಸ್ವಾಮಿ. ಆದರೆ ಮಕ್ಕಳು ಮುದ್ದೆ ಮುಟ್ಟುವುದಿಲ್ಲ. ಅದನ್ನು ಮಾರಿ ಬಿಸ್ಕತ್ತು ತರುತ್ತೇವೆ.”

ಇದರಿಂದಾಗುವ ನಷ್ಟವನ್ನು ನೋಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ ಇರುವುದು 10 ಮಿಲಿಗ್ರಾಂ ಆಸುಪಾಸು. ಮೂಳೆ ಬೆಳೆಯುವ ವಯಸ್ಸಿನ ಮಕ್ಕಳಿಗೆ ಬೇಕಾದುದೇ ಮನೆಯಿಂದ ಹೊರಗೆ ಹೋಗುತ್ತಿದೆ. ಮಕ್ಕಳಿಗೆ ಬೇಸರವಾಗಿರುವುದು ರಾಗಿಯಲ್ಲ, ದಿನವೂ ಒಂದೇ ರೂಪ. ಆದುದರಿಂದ ಹೊಸ ಅಡುಗೆಯನ್ನು ಅಂಗಡಿಯಲ್ಲಿ ಹುಡುಕುವ ಮೊದಲು ನಮ್ಮ ಕಣಜದಲ್ಲಿ ಹುಡುಕೋಣ.

ಯಾರನ್ನು ಕೇಳಬೇಕು?

ಮೊದಲು ಮನೆಯ ಅಜ್ಜಿಯನ್ನು. ಹುರಿಹಿಟ್ಟು, ಒತ್ತುಶಾವಿಗೆ, ಹಾಲುಬಾಯಿ ಇವೆಲ್ಲ ರಾಗಿಯಿಂದಲೇ ಆಗುವಂಥವು. ಅವರದು ಕಣ್ಣಂದಾಜು. ಆದ್ದರಿಂದ ಅವರು ಪಾತ್ರೆಗೆ ಹಾಕುವ ಮೊದಲು ಲೋಟದಲ್ಲಿ ಅಳೆದು ಬರೆದುಕೊಳ್ಳಿ.

ಎರಡನೆಯದು ನೆರೆಮನೆ ಮತ್ತು ಸ್ತ್ರೀಶಕ್ತಿ ಸಂಘ. ಒಬ್ಬೊಬ್ಬರು ಒಂದೊಂದು ತಿಂಡಿ ಮಾಡಿ ತಂದು, ರುಚಿ ನೋಡಿ, ಅಳತೆ ಹೇಳಿಕೊಳ್ಳಬಹುದು.

ಮೂರನೆಯದು 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ. ಅದರ ಜಿ.ಕೆ.ವಿ.ಕೆ. ಆವರಣದಲ್ಲಿ ಸಾಮಾನ್ಯವಾಗಿ ನವೆಂಬರ್‌ನಲ್ಲಿ ಕೃಷಿಮೇಳ ನಡೆಯುತ್ತದೆ. ತಳಿ, ಯಂತ್ರಗಳನ್ನು ನೋಡಲು ಹೋಗುವವರು ಮನೆಯವರನ್ನೂ ಕರೆದುಕೊಂಡು ಹೋಗಿ, ಸಿರಿಧಾನ್ಯದ ತಿನಿಸುಗಳ ಮಳಿಗೆಗಳಲ್ಲಿ ಮಾಡುವ ವಿಧಾನವನ್ನು ಕೇಳಿ.

ಹೊಸ ತಳಿ ಬಂದರೆ ಇಡೀ ಹೊಲಕ್ಕೆ ಬಿತ್ತುವುದಿಲ್ಲ, ಒಂದು ಮೂಲೆಯಲ್ಲಿ ಬಿತ್ತಿ ನೋಡುತ್ತೇವೆ. ಅಡುಗೆಯೂ ಹಾಗೆಯೇ. ಮೊದಲು ಒಂದೇ ಲೋಟದಷ್ಟು ಮಾಡಿ ನೋಡಿ.

ಮೊಳಕೆ ರಾಗಿ ಹಿಟ್ಟು

ಮೊದಲ ಪ್ರಯೋಗಕ್ಕೆ ಇದು ತಕ್ಕುದು.

1. ಕಲ್ಲು, ಮಣ್ಣು ತೆಗೆದ ರಾಗಿಯನ್ನು ತೊಳೆದು ರಾತ್ರಿಯೆಲ್ಲ ನೆನೆಸಿ.

2. ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಬಟ್ಟೆ ಒಣಗದಂತೆ ನೀರು ಚಿಮುಕಿಸಿ. ಒಂದೆರಡು ದಿನಗಳಲ್ಲಿ ಮೊಳಕೆ ಬರುತ್ತದೆ. ಲೋಳೆಯಾಗಿದ್ದರೆ, ಬೂಷ್ಟು ಹಿಡಿದಿದ್ದರೆ ಬಳಸಬೇಡಿ.

3. ಚೆನ್ನಾಗಿ ಒಣಗಿಸಿ, ಸಣ್ಣ ಉರಿಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ. ಮೊಳಕೆಯನ್ನು ಉಜ್ಜಿ ತೆಗೆದು ಬೀಸಿ, ಜರಡಿ ಹಿಡಿಯಿರಿ.

4. ಎರಡು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ನಿಧಾನವಾಗಿ ಕಾಯಿಸಿ, ಕುದಿಸಿ. ಹಾಲು, ಬೆಲ್ಲ ಸೇರಿಸಿ.

ಮೊಳಕೆ ಬಂದಾಗ ಕಾಳಿನಲ್ಲಿ ಪಿಷ್ಟವನ್ನು ಕರಗಿಸುವ ಕಿಣ್ವಗಳು ಹುಟ್ಟುತ್ತವೆ. ಆದುದರಿಂದ ಗಂಜಿ ಅಂಟಾಗದೆ ತೆಳುವಾಗುತ್ತದೆ. ಅದೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಿಡಿಸುವುದರಿಂದ, ಸ್ವಲ್ಪವೇ ಕುಡಿಯುವ ಮಗುವಿಗೂ ಹೆಚ್ಚು ಪುಷ್ಟಿ ಸಿಗುತ್ತದೆ. ಕೆಂಪಾಗುವಂತೆ ಹುರಿದರೆ ಈ ಕಿಣ್ವಗಳು ಸಾಯುತ್ತವೆ. ಮೊಳಕೆಯಿಂದ ಕಬ್ಬಿಣದಂಶವೂ ಮೈಗೆ ಹೆಚ್ಚು ಹತ್ತುತ್ತದೆ. ಆರು ತಿಂಗಳು ತುಂಬದ ಕೂಸಿಗೆ ಮಾತ್ರ ತಾಯಿಯ ಹಾಲೇ ಸಾಕು.

ಅಡುಗೆ ಹೆಂಗಸರ ಕೆಲಸವೆಂದು ರೈತರು ಸುಮ್ಮನಿರಬಾರದು. ಎಷ್ಟು ಮೂಟೆ ಮಾರಬೇಕು, ಎಷ್ಟು ಉಳಿಸಬೇಕು ಎಂದು ಅನೇಕ ಮನೆಗಳಲ್ಲಿ ತೀರ್ಮಾನಿಸುವವರು ನೀವೇ. ಈ ಸುಗ್ಗಿಯಲ್ಲಿ ಮಕ್ಕಳ ಪಾಲಿನ ರಾಗಿಯನ್ನು ಮೊದಲು ಕಣಜಕ್ಕೆ ತುಂಬಿ, ಆಮೇಲೆ ಗಾಡಿಗೆ ಹೇರಿ.