ಅಗಲದ ಟೈರು ಹಾಕಿಸುವ ಮುನ್ನ

ಸವೆದ ಟೈರು ತೆಗೆಸಿ ಹೊಸದು ಹಾಕಿಸಲು ಹೋದರೆ, "ಇನ್ನೊಂದಿಷ್ಟು ಅಗಲದ್ದೇ ಇರಲಿ, ಗಾಡಿ ಗಟ್ಟಿಯಾಗಿ ನಿಲ್ಲುತ್ತದೆ" ಎನ್ನುವವರುಂಟು. ಮಾತು ಪೂರ್ತಿ ಸುಳ್ಳಲ್ಲ. ಆದರೆ ಅಗಲದೊಡನೆ ಎತ್ತರವೂ ಹೆಚ್ಚಬಹುದೆಂಬುದನ್ನು ಬಹುಮಂದಿ ಗಮನಿಸುವುದಿಲ್ಲ. ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಬಾಡಿಗೆ ಕಾರು ನಡೆಸುವವರೂ ಇರುವುದರಿಂದ ಈ ಲೆಕ್ಕವನ್ನು ಇಲ್ಲಿ ಬಿಡಿಸಿ ಬರೆದಿದೆ. ನೆರೆಯ ತಿರುವೊಟ್ರಿಯೂರಿನಲ್ಲಿ 1946ರಲ್ಲಿ ಆಟದ ಬಲೂನು ಮಾಡುವ ಷೆಡ್ಡಾಗಿ ಮೊದಲಾದದ್ದೇ ಎಂ. ಆರ್. ಎಫ್. ಕಂಪನಿ, ಅದರ ಪಕ್ಕದಲ್ಲೇ ಇದ್ದು ಟೈರಿನ ಮೇಲಿನ ಅಂಕಿ ಓದಲು ಬಾರದಿದ್ದರೆ ನಮಗೆ ಶೋಭೆಯಲ್ಲ.

ಬಾಡಿಗೆಗೆ ಓಡುವ ಡಿಜೈರ್ ಕಾರುಗಳಲ್ಲಿ ಸಾಮಾನ್ಯವಾಗಿ 165/80 ಆರ್ 14 ಎಂದಿರುತ್ತದೆ. 165 ಎಂಬುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. 80 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದಲ್ಲಿ ನೂರಕ್ಕೆ 80, ಅಂದರೆ 132 ಮಿ.ಮೀ. ಆರ್ ಎಂಬುದು ರೇಡಿಯಲ್; 14 ಎಂಬುದು ರಿಮ್ಮಿನ ಇಂಚು. ಮೇಲೊಂದು ಕೆಳಗೊಂದು ಗೋಡೆ, ನಡುವೆ ರಿಮ್ಮು, ಕೂಡಿದರೆ ಚಕ್ರದ ಎತ್ತರ ಸುಮಾರು 620 ಮಿ.ಮೀ.

ಇದರ ಬದಲು 185/80 ಹಾಕಿಸಿದರೆ ಎತ್ತರ 652 ಆಗುತ್ತದೆ. ಹೆಚ್ಚಾದದ್ದು ನೂರಕ್ಕೆ 5. ಮುಳ್ಳು ಮೊದಲು ಸರಿಯಾಗಿದ್ದಿದ್ದರೆ, ಈಗ 60 ತೋರಿಸುವಾಗ ಗಾಡಿ 63ರಲ್ಲಿ ಓಡುತ್ತಿರುತ್ತದೆ. ನಿಜವಾಗಿ 100 ಕಿಲೋಮೀಟರು ಓಡಿದರೆ ಕಾರಿನ ಮೀಟರು 95 ಎನ್ನುತ್ತದೆ. ಆ ಮೀಟರು ನೋಡಿ ಬಾಡಿಗೆ ಕೇಳುವವನಿಗೆ ತಿಂಗಳಿಗೆ 2,000 ಕಿಲೋಮೀಟರಿನಲ್ಲಿ ಸುಮಾರು 100 ಕಿಲೋಮೀಟರಿನ ಕೂಲಿ ಕೈತಪ್ಪಿತು! ಫೋನಿನ ಲೆಕ್ಕದಲ್ಲಿ ಬಾಡಿಗೆ ಪಡೆಯುವವರಿಗೆ ಈ ನಷ್ಟವಿಲ್ಲ, ವೇಗದ ತಪ್ಪೆಣಿಕೆ ಮಾತ್ರ ಇದ್ದೇ ಇದೆ.

185/70 ಆದರೆ ಎತ್ತರ 615. ವ್ಯತ್ಯಾಸ ನೂರಕ್ಕೆ ಒಂದೂ ಇಲ್ಲ. ಅಗಲ ಹೆಚ್ಚಿದಂತೆ ಗೋಡೆ ತಗ್ಗಬೇಕೆಂಬುದು ಇದಕ್ಕೇ. ಆದರೂ ಹಾಕಿಸಿದ ಮೇಲೆ ನಾಲ್ಕು ಜನರನ್ನು ಕೂರಿಸಿ, ಸ್ಟಿಯರಿಂಗನ್ನು ಎರಡು ಕಡೆಗೂ ಪೂರ್ತಿ ತಿರುಗಿಸಿ, ಮಡ್‌ಗಾರ್ಡಿಗೆ ಉಜ್ಜುತ್ತದೆಯೇ ನೋಡಿರಿ. ರಿಮ್ಮಿನ ಅಗಲವೂ ಆ ಟೈರಿಗೆ ಒಪ್ಪಬೇಕು. ಅಳತೆಯ ಮುಂದಿನ 85 ಎಂಬ ಅಂಕಿ ಒಂದು ಟೈರು 515 ಕಿಲೋ ಹೊರಬಲ್ಲದೆಂಬ ಗುರುತು. ಹೊಸದರಲ್ಲಿ ಅದು ಕಡಿಮೆಯಾಗಕೂಡದು.

ನಮ್ಮ ಮಣಲಿಯವರು ಯೋಚಿಸಬೇಕಾದದ್ದು ನೀರಿನ ವಿಷಯ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಇಲ್ಲಿನ ಬೀದಿಗಳ ಗತಿ ಏನಾಯಿತೆಂದು ಎಲ್ಲರೂ ಬಲ್ಲರು. ಒಣ ರಸ್ತೆಯಲ್ಲಿ ಅಗಲದ ಟೈರಿಗೆ ಹಿಡಿತ ಹೆಚ್ಚು, ನಿಜ. ನಿಂತ ನೀರಿನ ಮೇಲೆ ವೇಗವಾಗಿ ಹೋದರೆ ಕಿರಿದು ನೀರನ್ನು ಸೀಳುತ್ತದೆ, ಅಗಲದ್ದು ತೇಲುವುದು ಬೇಗ. ಆಗ ಬ್ರೇಕೂ ಸ್ಟಿಯರಿಂಗೂ ಕೈಗೆ ಸಿಗುವುದಿಲ್ಲ. ಹಲ್ಲು ಸವೆದಿದ್ದರೆ ಇನ್ನೂ ಕೇಡು. ಮೈಲೇಜೂ ಸ್ವಲ್ಪ ಇಳಿಯುತ್ತದೆ. ದಿನವಿಡೀ ದುಡಿಯುವ ಗಾಡಿಗೆ ಕಂಪನಿಯ ಅಳತೆಯೇ ಲೇಸೆಂದು ನನ್ನ ಅಭಿಪ್ರಾಯ. ಆ ಅಳತೆ, ತುಂಬಬೇಕಾದ ಗಾಳಿ ಎರಡನ್ನೂ ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುತ್ತಾರೆ. ಅಲ್ಲಿ ಕಾಣದಿದ್ದರೆ ಕಾರಿನೊಡನೆ ಬಂದ ಪುಸ್ತಕದಲ್ಲಿ ಸಿಗುತ್ತದೆ.