ಬಾಣಂತಿಯ ರಾತ್ರಿಗೂ ಒಂದು ಸರದಿ

ಮುದ್ದೇನಹಳ್ಳಿ ಸುತ್ತಮುತ್ತಲ ರೇಷ್ಮೆ ಮನೆಗಳಲ್ಲಿ ಹುಳುಗಳು ನಾಲ್ಕನೇ ಜ್ವರ ಎದ್ದವೆಂದರೆ ಯಾರಿಗೂ ನೆಟ್ಟಗೆ ನಿದ್ದೆಯಿಲ್ಲ. ಜ್ವರ ಅಂದರೆ ಇಲ್ಲಿ ಕಾಯಿಲೆಯಲ್ಲ. ಹುಳು ಮೇವು ಬಿಟ್ಟು, ತಲೆಯೆತ್ತಿಕೊಂಡು ಅಲುಗಾಡದೆ ನಿಂತು ಪೊರೆ ಕಳಚುವ ಹೊತ್ತಿಗೆ ನಮ್ಮ ಕಡೆ ಇರುವ ಹೆಸರು. ಒಂದು ಹುಳು ತನ್ನ ಬಾಳಿನಲ್ಲಿ ತಿನ್ನುವ ಹಿಪ್ಪುನೇರಳೆ ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗೂ ಹೆಚ್ಚನ್ನು ಆ ಕೊನೆಯ ಏಳೆಂಟು ದಿನಗಳಲ್ಲೇ ತಿಂದು ಮುಗಿಸುತ್ತದೆ. ರಾತ್ರಿ ಹತ್ತೂವರೆಗೆ ಸೊಪ್ಪು ಹಾಕಿ ಮಲಗಿದವರು ನಡುರಾತ್ರಿ ಒಮ್ಮೆ ಎದ್ದು ಕಾವು ನೋಡಬೇಕು, ಇರುವೆ ಹತ್ತಿದೆಯೇ ನೋಡಬೇಕು, ಬೆಳಗಿನ ಜಾವ ಮತ್ತೆ ಸೊಪ್ಪು ಹಾಕಬೇಕು. ಅದಕ್ಕೇ ಮನೆಯಲ್ಲಿ ಸರದಿ. ಒಬ್ಬರೇ ವಾರಗಟ್ಟಲೆ ಎದ್ದಿರಲಿ ಎಂದು ಯಾವ ಮನೆಯೂ ಹೇಳುವುದಿಲ್ಲ. ಹಾಗೆ ಬೆಳೆ ತೆಗೆಯಲಾಗದು.

ನನ್ನ ಮಗಳು ಹುಟ್ಟಿದ್ದು ಹುಳುಗಳು ಮೂರನೇ ಜ್ವರಕ್ಕೆ ಹೋದ ದಿನ. ಆಸ್ಪತ್ರೆಯಿಂದ ಸೀದಾ ತವರಿಗೆ ಬಂದೆ. ಅಂಗಳದ ಆ ಕಡೆ ಹುಳುಮನೆ, ಈ ಕಡೆ ಬಾಣಂತಿ ಕೋಣೆ. ಅವಳಿಗೆ ಒಂದು ವಾರ ತುಂಬುವಾಗ ಅವು ನಾಲ್ಕನೇ ಜ್ವರ ಎದ್ದವು. ರಾತ್ರಿ ಎರಡು ಗಂಟೆಗೆ ಎರಡೂ ಕಡೆ ದೀಪ ಉರಿಯುತ್ತಿತ್ತು. ಆ ಕಡೆ ಅಪ್ಪ, ಅಣ್ಣ, ಅತ್ತಿಗೆ ಸರದಿ ಬದಲಿಸುತ್ತಿದ್ದರು. ಈ ಕಡೆ ನಾನೊಬ್ಬಳೇ.

ಎರಡೆರಡು ಗಂಟೆಗೆ ಮಗು ಏಳುವುದು ಕಂಡು ನನಗೆ ಹಾಲು ಸಾಲುತ್ತಿಲ್ಲವೆಂದೇ ಅನ್ನಿಸಿತು. ನೋಡಲು ಬಂದವರೂ ಅದನ್ನೇ ಅಂದರು. ‘ರಾತ್ರಿ ಒಂದು ಬಾಟಲಿ ಪುಡಿ ಹಾಲು ಕೊಡು, ನೀನೂ ಮಲಗು.’ ಆ ಮಾತಿನಲ್ಲಿ ಕಾಳಜಿಯಿತ್ತು, ತಿಳಿವಳಿಕೆ ಇರಲಿಲ್ಲ. ಹುಟ್ಟಿದ ದಿನ ಕೂಸಿನ ಹೊಟ್ಟೆ ಹಿಡಿಯುವುದು ಒಂದೆರಡು ಚಮಚದಷ್ಟು. ತಾಯಿಹಾಲು ಬೇಗ ಅರಗುತ್ತದೆ. ಹೊಸ ಕೂಸು ದಿನಕ್ಕೆ 8ರಿಂದ 12 ಸಲ ಕುಡಿಯುವುದು ಸಹಜ, ಅದರಲ್ಲಿ ಮೂರು ನಾಲ್ಕು ಸಲ ರಾತ್ರಿಯ ಪಾಲಿಗೆ ಬಂದೇ ಬರುತ್ತದೆ. ಹಗಲು ಯಾವುದು, ಇರುಳು ಯಾವುದು ಎಂಬ ಗಡಿಯಾರ ಅದರ ಮೈಯಲ್ಲಿ ಕೂರಲು ಎರಡು ಮೂರು ತಿಂಗಳು ಬೇಕು. ಹಾಲು ಊರಿಸುವ ಪ್ರೊಲ್ಯಾಕ್ಟಿನ್ ತಾಯಿಯ ರಕ್ತದಲ್ಲಿ ಏರುವುದೂ ರಾತ್ರಿಯೇ. ಇರುಳಿನ ಹಾಲಿನಲ್ಲಿ ನಿದ್ದೆ ತರುವ ಮೆಲಟೋನಿನ್ ಇರುತ್ತದೆ, ಹಗಲಿನ ಹಾಲಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಬರಿದಾದಷ್ಟೂ ಊರುವುದು, ಕಟ್ಟಿಕೊಂಡರೆ ಕುಗ್ಗುವುದು ಎದೆಹಾಲಿನ ಗುಣ. ರಾತ್ರಿಯ ಬಾಟಲಿ ಆ ಊಟೆಯನ್ನೇ ಬತ್ತಿಸುತ್ತದೆ.

ಇದನ್ನು ನನಗೆ ತಿಳಿಸಿದ್ದು ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು ನೋಡಲು ಅವರು 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಏಳನೇ ದಿನ ಬಂದವರು ನನ್ನ ಅಳು ನೋಡಿ ಮೊದಲು ಕೇಳಿದ್ದು, ‘ನಿನ್ನೆಯಿಂದ ಎಷ್ಟು ಬಟ್ಟೆ ಒದ್ದೆಯಾಯ್ತು?’ ಎಂದು. ಎಣಿಸಿದೆ, ಎಂಟು. ‘ಆರು ದಾಟಿದರೆ ಹಾಲು ಸಾಲುತ್ತಿದೆ ಅಂತಲೇ ಲೆಕ್ಕ. ಸಾಲದೇ ಇರೋದು ನಿನಗೆ ನಿದ್ದೆ’ ಅಂದರು. ಬಟ್ಟೆ ಒದ್ದೆಯಾಗುವುದು ಕಡಿಮೆಯಾದರೆ, ಎಬ್ಬಿಸಿದರೂ ಮಗು ಏಳದೆ ಮೊಲೆ ಹಿಡಿಯದಿದ್ದರೆ, ಒಂದು ರಾತ್ರಿಯೂ ಕಾಯದೆ ಆಸ್ಪತ್ರೆಗೆ ಓಡಬೇಕೆಂದೂ ಹೇಳಿದರು.

ಹೊರಡುವಾಗ ಅವರು ಅಂಗಳದಲ್ಲಿ ನಿಂತು ಅಪ್ಪನಿಗೆ ಹೇಳಿದ ಮಾತು ನನಗೆ ಒಳಗೆ ಕೇಳಿಸಿತು. ‘ಹುಳಕ್ಕೆ ಮೂರು ಜನ ಏಳ್ತೀರಲ್ಲ, ಮಗೂಗೆ ಯಾಕೆ ಒಬ್ಬಳೇ?’

ಹಾಲು ಕೊಡುವುದು ನಾನೇ, ನಿಜ. ಆದರೆ ಅದು ಇಪ್ಪತ್ತು ನಿಮಿಷದ ಕೆಲಸ. ತೇಗು ಬರಿಸುವುದು, ಬಟ್ಟೆ ಬದಲಿಸುವುದು, ಮತ್ತೆ ಮಲಗುವವರೆಗೆ ಹೆಗಲ ಮೇಲೆ ಹಾಕಿಕೊಂಡು ಓಡಾಡುವುದು, ಇದಕ್ಕೆ ಎದೆಹಾಲು ಬೇಕಿಲ್ಲ, ಎರಡು ಕೈ ಸಾಕು. ಅವತ್ತಿನಿಂದ ಹಂಚಿಕೆಯಾಯಿತು. ಹತ್ತಕ್ಕೆ ನಾನು ಕೊಟ್ಟು ಮಲಗುವುದು. ಒಂದಕ್ಕೆ ಅಮ್ಮ ಮಗುವನ್ನು ಪಕ್ಕಕ್ಕೆ ತಂದಿಟ್ಟರೆ ಮಗ್ಗುಲಾಗಿ ಮಲಗಿಕೊಂಡೇ ಕೊಡುವುದು, ದೊಡ್ಡ ದೀಪ ಹಾಕದೆ, ಫೋನ್ ಮುಟ್ಟದೆ. ನಾಲ್ಕೂವರೆಯ ಹಾಲು ಮುಗಿದ ಮೇಲೆ, ಸೊಪ್ಪು ಹಾಕಲು ಎದ್ದ ಅಪ್ಪ, ಕೈ ತೊಳೆದು ಬಂದು ಮಗುವನ್ನು ಎತ್ತಿಕೊಳ್ಳುವುದು. ಏಳರವರೆಗೆ ನನ್ನ ನಿದ್ದೆ. ಆ ಎರಡೂವರೆ ಗಂಟೆ ನನ್ನನ್ನು ಉಳಿಸಿತು.

ಕೂತಲ್ಲೇ ತೂಕಡಿಸಿ ಮಗುವನ್ನು ಜಾರಿಸುವ ಭಯ ನಿದ್ದೆಗೆಟ್ಟ ಎಲ್ಲ ತಾಯಂದಿರಿಗೂ ಇರುತ್ತದೆ. ಕುರ್ಚಿ, ಸೋಫಾದಲ್ಲಿ ಹಾಲು ಕೊಡುತ್ತಾ ನಿದ್ದೆ ಹೋಗುವುದೇ ಹೆಚ್ಚು ಅಪಾಯ. ಹಾಲಾದ ಮೇಲೆ ಮಗು ಗಟ್ಟಿ ಹಾಸಿಗೆಯಲ್ಲಿ ಅಂಗಾತ ಮಲಗಬೇಕು. ಮುಖದ ಹತ್ತಿರ ದಿಂಬು, ರಗ್ಗು ಬೇಡ. ಬೀಡಿ ಸಿಗರೇಟು ಸೇದುವವರು, ಕುಡಿದವರು ಪಕ್ಕದಲ್ಲಿ ಮಲಗಲೇಬಾರದು.

ನಮ್ಮ ಹಳೆಯ ಬಾಣಂತನದ ಬಗ್ಗೆ ನನಗೆ ಗೌರವವಿದೆ. ಎಣ್ಣೆನೀರು, ಸಾಂಬ್ರಾಣಿ, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯ ಇವುಗಳಲ್ಲಿ ಯಾವುದರಿಂದ ಎಷ್ಟು ಹಾಲು ಹೆಚ್ಚಿತೋ, ಅದಕ್ಕಿಂತ ಮುಖ್ಯವಾದದ್ದು ಬಾಣಂತಿಯನ್ನು ಒಲೆಯಿಂದ, ಹೊಲದಿಂದ ದೂರವಿಟ್ಟು ಮಲಗಿಸಿದ್ದು. ಹೆಚ್ಚು ನೀರು ಕುಡಿಯಬಾರದೆಂಬುದೊಂದನ್ನು ಮಾತ್ರ ನಾನು ಒಪ್ಪಲಿಲ್ಲ. ಹಾಸಿಗೆಯ ಪಕ್ಕ ಚೊಂಬು ಯಾವಾಗಲೂ ತುಂಬಿರುತ್ತಿತ್ತು.

ಆದರೆ ಎಲ್ಲರಿಗೂ ತವರಿನ ಅಂಗಳ ಸಿಗುವುದಿಲ್ಲ. ಶಿಡ್ಲಘಟ್ಟದಲ್ಲಿ ಬಿಸಿನೀರಿನ ಗೂಡಿನಿಂದ ನೂಲು ಬಿಚ್ಚುವ ಹೆಣ್ಣುಮಕ್ಕಳನ್ನು ನೆನೆಯುತ್ತೇನೆ. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿತು. ಐದಾರು ಜನ ದುಡಿಯುವ ಸಣ್ಣ ಘಟಕಕ್ಕೆ, ಸ್ವಂತ ಹೊಲದಲ್ಲಿ ದುಡಿಯುವವಳಿಗೆ ಆ ರಜೆ ತಲುಪುವುದೇ ಇಲ್ಲ. ರಾತ್ರಿ ನಾಲ್ಕು ಸಲ ಎದ್ದವಳು ಬೆಳಗ್ಗೆ ಕೂಲಿಗೆ ನಿಲ್ಲುತ್ತಾಳೆ. ಕೈಯಿಂದ ಹಾಲು ಹಿಂಡಿ ತೊಳೆದು ಕುದಿಸಿದ ಪಾತ್ರೆಯಲ್ಲಿ ಮುಚ್ಚಿಟ್ಟರೆ, ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆ ಕೆಡದೆ ಇರುತ್ತದೆ ಎಂಬುದನ್ನಾದರೂ ಅವಳಿಗೆ ಯಾರಾದರೂ ಹೇಳಿರಬೇಕು. ಕುಡಿಸಲು ಬಾಟಲಿಗಿಂತ ಅಜ್ಜಿಯರ ಕಾಲದ ಒಳಲೆಯೇ ಮೇಲು, ತೊಳೆಯಲು ಸುಲಭ.

ಇನ್ನೊಂದು ಮಾತನ್ನು ಹೇಳದೆ ಬಿಡಲಾರೆ. ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಎರಡು ವಾರ ಕಳೆದರೂ ಅಳು, ಭಯ, ಏನೂ ಬೇಡವೆನ್ನುವ ಭಾವ ಹೋಗದಿದ್ದರೆ ಅದು ‘ಬಾಣಂತಿಗೆ ಇದೆಲ್ಲ ಇದ್ದದ್ದೇ’ ಎನ್ನುವಂಥದ್ದಲ್ಲ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗುವನ್ನು ಅಗಲಿಸದೆ ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಾರ್ಡ್ ಇದೆ.

ಹುಳುಗಳು ಹಣ್ಣಾದವು. ಅಕ್ಕಪಕ್ಕದವರೂ ಬಂದು ಆರಿಸಿ ಚಂದ್ರಿಕೆಗೆ ಬಿಟ್ಟರು. ಮೂರು ದಿನಕ್ಕೆ ಎಲ್ಲವೂ ಗೂಡು ಕಟ್ಟಿಕೊಂಡು ಒಳಗೆ ಸುಮ್ಮನಾದವು, ಹುಳುಮನೆಯ ದೀಪ ಆರಿತು. ಅಂದು ರಾತ್ರಿ ಮನೆಯೆಲ್ಲ ಮಲಗಿತ್ತು, ಮಗಳೊಬ್ಬಳು ಎದ್ದಿದ್ದಳು. ನಾಲ್ಕೂವರೆಗೆ ಹಾಲು ಮುಗಿಸುವಾಗ ಬಾಗಿಲು ಸರಿದ ಸದ್ದಾಯಿತು. ಸೊಪ್ಪು ಹಾಕಲು ಏನೂ ಇಲ್ಲದ ಅಪ್ಪ, ತೊಳೆದ ಕೈಗಳನ್ನು ಪಂಚೆಗೆ ಒರೆಸಿಕೊಳ್ಳುತ್ತಾ ಹೊಸ್ತಿಲಲ್ಲಿ ನಿಂತಿದ್ದರು.