ರಜಾ ಸದಸ್ಯತ್ವ: ಸಹಿ ಹಾಕುವ ಮುನ್ನ

ಮಾಲ್‌ನಲ್ಲಿ ಸಾಮಾನು ಕೊಂಡು ಹೊರಬರುವಾಗ ಯಾರೋ ಒಂದು ಚೀಟಿ ಮುಂದಿಟ್ಟು ಹೆಸರು, ಫೋನ್ ನಂಬರ್ ಬರೆಸಿಕೊಳ್ಳುತ್ತಾರೆ. ಎರಡೇ ದಿನದಲ್ಲಿ ಕರೆ ಬರುತ್ತದೆ: "ನಿಮಗೆ ಬಹುಮಾನ ಬಂದಿದೆ. ಗಂಡ ಹೆಂಡತಿ ಇಬ್ಬರೂ ಬನ್ನಿ." ಹೋದವರನ್ನು ಹೋಟೆಲೊಂದರ ತಂಪು ಕೋಣೆಯಲ್ಲಿ ಕೂರಿಸಿ ಗಂಟೆಗಟ್ಟಲೆ ಬೆಟ್ಟ, ಕಡಲು, ಈಜುಕೊಳದ ಚಿತ್ರಗಳನ್ನು ತೋರಿಸುತ್ತಾರೆ. ಕೊನೆಗೆ ಮುಂದಿಡುವುದು ಟೈಮ್‌ಶೇರ್ ಎಂಬ ರಜಾ ಸದಸ್ಯತ್ವದ ಕರಾರು ಪತ್ರ. "ಈ ದರ ಇವತ್ತಿಗೆ ಮಾತ್ರ" ಎಂಬ ಒತ್ತಡ ಬೇರೆ.

ಏನಿದು ಟೈಮ್‌ಶೇರ್?

ಯುರೋಪಿನಲ್ಲಿ 1960ರ ದಶಕದಲ್ಲಿ ಹುಟ್ಟಿದ ವ್ಯವಸ್ಥೆ ಇದು. ಭಾರತದಲ್ಲಿ 1986ರಲ್ಲಿ ಸ್ಟರ್ಲಿಂಗ್, 1996ರಲ್ಲಿ ಕ್ಲಬ್ ಮಹೀಂದ್ರ ಆರಂಭವಾದವು. ಲಕ್ಷಗಟ್ಟಲೆ ಹಣ ಕೊಟ್ಟರೆ ಹಲವು ವರ್ಷ, ಸಾಮಾನ್ಯವಾಗಿ 25 ವರ್ಷ, ಕಂಪೆನಿಯ ರೆಸಾರ್ಟ್‌ಗಳಲ್ಲಿ ವರ್ಷಕ್ಕೊಂದು ವಾರ ತಂಗಬಹುದು. ಇಲ್ಲಿ ಕೊಳ್ಳುವುದು ತಂಗುವ ಹಕ್ಕನ್ನೇ ಹೊರತು ಮನೆಯನ್ನಲ್ಲ. ಆದ್ದರಿಂದ ಇದನ್ನು ಆಸ್ತಿ ಎಂದು ಭಾವಿಸಬಾರದು.

ಹೂಡಿಕೆ ಎಂದಂತೂ ನಂಬಲೇಬಾರದು. ಪ್ಯಾನ್‌ಕಾರ್ಡ್ ಕ್ಲಬ್ಸ್ ಎಂಬ ಮುಂಬೈಯ ಕಂಪೆನಿ ಹೋಟೆಲ್ ಕೋಣೆಯ ರಾತ್ರಿಗಳನ್ನು ಮಾರಿ, ತಂಗದವರಿಗೆ ಹೆಚ್ಚಿನ ಹಣ ಮರಳಿಸುವ ಆಸೆ ತೋರಿಸಿತ್ತು. 50 ಲಕ್ಷಕ್ಕೂ ಹೆಚ್ಚು ಮಂದಿಯಿಂದ ಸಂಗ್ರಹಿಸಿದ ಸುಮಾರು 7,035 ಕೋಟಿ ರೂಪಾಯಿಯನ್ನು ಹಿಂದಿರುಗಿಸುವಂತೆ 2016ರಲ್ಲಿ ಸೆಬಿ ಆದೇಶಿಸಬೇಕಾಯಿತು.

ಲೆಕ್ಕ ಹಾಕಿ ನೋಡೋಣ

ಉದಾಹರಣೆಗೆ, ಸದಸ್ಯತ್ವಕ್ಕೆ 4 ಲಕ್ಷ ರೂಪಾಯಿ, ವಾರ್ಷಿಕ ನಿರ್ವಹಣಾ ಶುಲ್ಕ 20 ಸಾವಿರ ಎಂದಿಟ್ಟುಕೊಳ್ಳಿ. 25 ವರ್ಷಕ್ಕೆ ಒಟ್ಟು 9 ಲಕ್ಷ. ಒಂದು ವರ್ಷವೂ ತಪ್ಪದೆ ಏಳು ರಾತ್ರಿ ತಂಗಿದರೆ ರಾತ್ರಿಯೊಂದಕ್ಕೆ ಸುಮಾರು 5,100 ರೂಪಾಯಿ. ಹೆರಿಗೆ, ಕಾಯಿಲೆ, ಪರೀಕ್ಷೆ, ಮದುವೆ ಎಂದು 12 ವರ್ಷ ಮಾತ್ರ ಹೋಗಲು ಸಾಧ್ಯವಾದರೆ ಅದೇ ರಾತ್ರಿಗೆ 10,700 ಆಗುತ್ತದೆ. ಹೋಗದ ವರ್ಷವೂ ಶುಲ್ಕ ತಪ್ಪುವುದಿಲ್ಲ. ಅದು ಏರುತ್ತಲೂ ಇರುತ್ತದೆ. ಊಟ, ಪ್ರಯಾಣದ ಖರ್ಚು ಬೇರೆಯೇ. ಕಂತಿನಲ್ಲಿ ಕೊಂಡರೆ ಬಡ್ಡಿಯೂ ಸೇರಬಹುದು. ಬಡ್ಡಿಯಿಂದ ದೂರವಿರುವ ಕುಟುಂಬ ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಇನ್ನೊಂದು ತೊಡಕು ನಮ್ಮ ಹಬ್ಬಗಳದ್ದು. ಅನೇಕ ಸದಸ್ಯತ್ವಗಳಲ್ಲಿ ವರ್ಷವನ್ನು ಋತುಗಳಾಗಿ ವಿಂಗಡಿಸಿರುತ್ತಾರೆ. ಕಡಿಮೆ ಬೆಲೆಯದ್ದಕ್ಕೆ ಮಕ್ಕಳ ಬೇಸಿಗೆ ರಜೆಯ ದಿನಗಳು ಸಿಗುವುದು ಕಷ್ಟ. ಹೆಚ್ಚು ಹಣ ಕೊಟ್ಟು ಆ ದಿನಗಳನ್ನೇ ಕೊಂಡರೂ, ಹಿಜರಿ ವರ್ಷ ಪ್ರತಿ ಬಾರಿ ಹತ್ತು ಹನ್ನೊಂದು ದಿನ ಮುಂಚಿತವಾಗಿ ಬರುತ್ತದೆ. 2020ರಿಂದ 2022ರವರೆಗೆ ರಮಝಾನ್ ಉಪವಾಸ ಎಪ್ರಿಲ್-ಮೇಯಲ್ಲಿತ್ತು. 2026ರಿಂದ 2028ರವರೆಗಿನ ಬಕ್ರೀದ್ ಮೇ ತಿಂಗಳಿನದ್ದು. ಹಬ್ಬಕ್ಕೆ ಊರು ಸೇರುವ ಮನೆಯವರು ರೆಸಾರ್ಟಿಗೆ ಹೋಗುವುದು ಯಾವಾಗ?

ಬೇರೆ ದಾರಿಗಳು

ಮಡಿಕೇರಿ, ಮೈಸೂರಿನಂತಹ ಊರುಗಳಲ್ಲಿ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಹೋಟೆಲುಗಳಿವೆ. ಕೊಡಗು, ಚಿಕ್ಕಮಗಳೂರಿನಲ್ಲಿ ಹೋಂಸ್ಟೇಗಳು ಹೇರಳ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿತವೇ ಎಂದು ವಿಚಾರಿಸಿಕೊಂಡರಾಯಿತು. ಅಡುಗೆಮನೆ ಬಳಸಲು ಬಿಡುವ ಕಡೆ ಹಲಾಲ್ ಊಟದ ಚಿಂತೆಯೂ ಇಲ್ಲ. ಹೋಗುವ ವರ್ಷ ಮಾತ್ರ ಖರ್ಚು. ಆದರೆ ರಜೆಯ ದಿನಗಳಲ್ಲಿ ದರ ಏರುತ್ತದೆ, ಕೋಣೆ ಬೇಗ ತುಂಬುತ್ತದೆ. ಬುಕ್ ಮಾಡುವಾಗ ರದ್ದತಿಯ ನಿಯಮವನ್ನೂ ಓದಿಕೊಳ್ಳಬೇಕು.

ಹಾಗೆಂದು ಟೈಮ್‌ಶೇರ್ ಎಲ್ಲರಿಗೂ ನಷ್ಟವಲ್ಲ. ಸಾಲವಿಲ್ಲದೆ ಹಣ ಕೊಡಬಲ್ಲ, ಪ್ರತಿವರ್ಷ ತಪ್ಪದೆ ಪ್ರವಾಸ ಹೋಗುವ, ತಿಂಗಳುಗಳ ಮೊದಲೇ ದಿನ ಗೊತ್ತುಮಾಡಬಲ್ಲ ಕುಟುಂಬಕ್ಕೆ ಅದು ಒಗ್ಗಬಹುದು. ಅಂತಹವರೂ ಅಂದೇ ಸಹಿ ಹಾಕದೆ ಕರಾರನ್ನು ಮನೆಗೆ ತಂದು ಓದಲಿ. ಯುರೋಪಿನಲ್ಲಿ 2008ರ ನಿರ್ದೇಶನದಂತೆ ಸಹಿಯ ನಂತರವೂ 14 ದಿನಗಳೊಳಗೆ ಹಿಂದೆಗೆಯಬಹುದು. ಆ ಅವಧಿಯಲ್ಲಿ ಮುಂಗಡ ಪಡೆಯುವಂತೆಯೂ ಇಲ್ಲ. ನಮ್ಮಲ್ಲಿ ಟೈಮ್‌ಶೇರ್‌ಗೆಂದೇ ಅಂತಹ ಕಾನೂನಿಲ್ಲ. ಹಿಂದೆಗೆಯುವ ಅವಕಾಶ ಎಷ್ಟು ದಿನ, ಶುಲ್ಕ ಎಷ್ಟು ಏರುತ್ತದೆ, ಕೋಣೆ ಸಿಗದಿದ್ದರೆ ಏನು ಎಂಬುದು ಬರಹದಲ್ಲಿರಲಿ. ಬಾಯಿಮಾತಿನ ಭರವಸೆಗೆ ಬೆಲೆಯಿಲ್ಲ.

ಮೋಸವಾದರೆ ಸುಮ್ಮನಿರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಎರಡು ವರ್ಷದೊಳಗೆ, ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು.

ಮನೆಯ ಉಳಿತಾಯದಲ್ಲಿ ಗೃಹಿಣಿಯ ಬೆವರೂ ಇದೆ. ಗಂಡ ಹೆಂಡತಿ ಇಬ್ಬರನ್ನೂ ಕರೆಯುವುದು ಅಲ್ಲೇ ಒಪ್ಪಿಗೆ ಪಡೆಯಲಿಕ್ಕೆ. "ಮನೆಗೆ ಹೋಗಿ ಯೋಚಿಸಿ ಹೇಳುತ್ತೇವೆ" ಎಂದು ಎದ್ದುಬರಲು ಸಂಕೋಚ ಬೇಡ.